ನಿಂತ ಸ್ಕೂಟರಿನ ಪೆಟ್ರೋಲ್ ಹಳಸುತ್ತದೆಯೇ?

ಪ್ರಶ್ನೆ: ಮಗಳ ಬಾಣಂತನಕ್ಕೆ ಆರು ತಿಂಗಳು ಅಮೆರಿಕಕ್ಕೆ ಹೊರಟಿದ್ದೇವೆ. ಸ್ಕೂಟರಿನಲ್ಲಿರುವ ಪೆಟ್ರೋಲ್ ಕೆಡುತ್ತದೆಯೇ? – ಓದುಗರೊಬ್ಬರು, ವಿಜಯನಗರ

ಉತ್ತರ: ಕೆಡುತ್ತದೆ, ಮೊಸರಿನಷ್ಟು ಬೇಗ ಅಲ್ಲ. ಪೆಟ್ರೋಲಿನ ಹಗುರ ಅಂಶಗಳು ಮೊದಲು ಆವಿಯಾಗುತ್ತವೆ. ಬೆಂಕಿ ಚುರುಕಾಗಿ ಹತ್ತಲು ಅವೇ ಬೇಕು. ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗುತ್ತದೆ. ಕಾರ್ಬ್ಯುರೇಟರಿನ ಕೂದಲೆಳೆಯಂಥ ರಂಧ್ರ ಕಟ್ಟಿಕೊಳ್ಳಲು ಅಷ್ಟು ಸಾಕು. ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದಕ್ಕೆ ನೀರೆಂದರೆ ಪ್ರಾಣ. ತೇವ ಹೆಚ್ಚಾದರೆ ನೀರೂ ಎಥನಾಲೂ ಒಂದಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಎಂಜಿನ್ ಇಂಧನ ಎಳೆಯುವುದೂ ತಳದಿಂದಲೇ!

ನಿಂತ ಇಂಧನದ ಈ ಫಜೀತಿ ಮಲ್ಪೆ ಬಂದರಿನ ಮೀನುಗಾರರಿಗೆ ಹಳೆಯದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬೋಟುಗಳು ದಡದಲ್ಲಿ. ಅವುಗಳಲ್ಲಿರುವುದು ಡೀಸೆಲ್. ಅದು ಪೆಟ್ರೋಲಿಗಿಂತ ಬಾಳಿಕೆಯದಾದರೂ ತಳದಲ್ಲಿ ನೀರು ನಿಂತರೆ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ, ಫಿಲ್ಟರ್ ಮುಚ್ಚುತ್ತದೆ.

ನಿಮ್ಮದು ಕಾರ್ಬ್ಯುರೇಟರಿನ ಹಳೆಯ ಗಾಡಿಯಾದರೆ ಮೆಕ್ಯಾನಿಕ್ ಕೈಯಲ್ಲಿ ಕಾರ್ಬ್ಯುರೇಟರನ್ನೂ ಟ್ಯಾಂಕನ್ನೂ ಖಾಲಿ ಮಾಡಿಸಿ. ಫ್ಯುಯೆಲ್ ಇಂಜೆಕ್ಷನ್ನಿನ ಗಾಡಿಗೆ ಟ್ಯಾಂಕ್ ತುಂಬ ಹೊಸ ಪೆಟ್ರೋಲ್ ಹಾಕಿಸಿ ನೆರಳಲ್ಲಿ ನಿಲ್ಲಿಸಿ. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ತೇವ ಕಡಿಮೆ. ಪಕ್ಕದ ಮನೆಯ ಹುಡುಗನಿಗೆ ಕೀ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಮಾಗಡಿ ರಸ್ತೆಯಲ್ಲಿ ಒಂದು ಸುತ್ತು ಹಾಕಿಸುವುದು ಇನ್ನೂ ಒಳ್ಳೆಯದು. ಅವನ ಬಳಿ ಲೈಸೆನ್ಸ್ ಇದೆಯೇ ನೋಡಿಕೊಳ್ಳಿ.