ಮೇಲಿನಿಂದ ನೋಡಿದರೆ ಭೂಮಿಯೇ ಪಾಠ

ಮಧ್ಯ ಏಷ್ಯಾದ ಹಳೆಯ ಭೂಪಟವೊಂದನ್ನು ತೆರೆದು ನೋಡಿ. ಕ್ಯಾಸ್ಪಿಯನ್ ಸಮುದ್ರದ ಪೂರ್ವಕ್ಕೆ ಇನ್ನೊಂದು ದೊಡ್ಡ ನೀಲಿ ಮಚ್ಚೆ ಕಾಣುತ್ತದೆ. ಅದರ ಮೇಲೆ ‘ಅರಲ್ ಸಮುದ್ರ’ ಎಂದು ಬರೆದಿರುತ್ತದೆ. ಹೆಸರಿಗೆ ಸಮುದ್ರವಾದರೂ ಅದು ಉಪ್ಪುನೀರಿನ ಸರೋವರ. 1960ರಲ್ಲಿ ಅದರ ವಿಸ್ತೀರ್ಣ ಸುಮಾರು 68,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಆಗ ಅದು ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರ. ಪರೀಕ್ಷೆಯಲ್ಲಿ ಎರಡು ಅಂಕಗಳಿಗೆ ಇಷ್ಟು ಬರೆದರೆ ಸಾಕು.

ಈಗ ಅದೇ ಜಾಗದ ಉಪಗ್ರಹ ಚಿತ್ರಗಳನ್ನು ವರ್ಷವಾರು ಒಂದರ ಪಕ್ಕ ಒಂದಿಟ್ಟು ನೋಡಬೇಕು. 1980ರ ದಶಕದ ಕೊನೆಯ ಹೊತ್ತಿಗೆ ಸರೋವರ ಉತ್ತರ, ದಕ್ಷಿಣ ಎಂದು ಎರಡು ಹೋಳಾಗಿದೆ. ಮುಂದೆ ದಕ್ಷಿಣದ ಹೋಳು ಬಡವಾಗುತ್ತಾ ಹೋಗುತ್ತದೆ. 2014ರ ಚಿತ್ರದಲ್ಲಿ ಅದರ ಪೂರ್ವ ಭಾಗದಲ್ಲಿ ನೀರೇ ಇಲ್ಲ. ಬಿಳಿಚಿಕೊಂಡ ಉಪ್ಪಿನ ನೆಲ ಮಾತ್ರ. ಇದನ್ನು ನೋಡಿದ ಯಾವ ಮಗುವೂ ಕೇಳದೆ ಇರಲಾರದು: “ಅಷ್ಟೊಂದು ನೀರು ಎಲ್ಲಿ ಹೋಯಿತು?”

ಆ ಪ್ರಶ್ನೆ ಹುಟ್ಟಿದ ಗಳಿಗೆಯಲ್ಲೇ ಪಾಠ ಆರಂಭವಾಗುತ್ತದೆ. ಅಮು ದರಿಯಾ, ಸಿರ್ ದರಿಯಾ ಎಂಬ ಎರಡು ನದಿಗಳು ಈ ಸರೋವರಕ್ಕೆ ನೀರುಣಿಸುತ್ತಿದ್ದವು. ಹತ್ತಿ ಬೆಳೆಯಲೆಂದು 1960ರ ದಶಕದಿಂದ ಸೋವಿಯತ್ ಸರ್ಕಾರ ಆ ನೀರನ್ನು ದೊಡ್ಡ ಪ್ರಮಾಣದಲ್ಲಿ ಕಾಲುವೆಗಳಿಗೆ ತಿರುಗಿಸಿತು. ನದಿ, ಕೃಷಿ, ಹವಾಮಾನ, ಮೀನುಗಾರರ ಬದುಕು ಎಲ್ಲವೂ ಒಂದೇ ಚಿತ್ರಮಾಲೆಯಲ್ಲಿ ಸೇರಿಕೊಳ್ಳುತ್ತವೆ. ಬೇರೆ ಬೇರೆ ಅಧ್ಯಾಯಗಳಲ್ಲಿ ಹಂಚಿಹೋಗಿದ್ದ ವಿಷಯಗಳು ಒಂದಕ್ಕೊಂದು ನೆಂಟರೆಂದು ವಿದ್ಯಾರ್ಥಿಗೆ ಆಗ ತಿಳಿಯುತ್ತದೆ.

ಚಿತ್ರವನ್ನು ಓದುವುದು ಹೇಗೆ?

ಉಪಗ್ರಹ ಚಿತ್ರ ಎಂದರೆ ಎತ್ತರದಿಂದ ತೆಗೆದ ಫೋಟೋ ಎಂದೇ ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ಅಳತೆಗಳ ಒಂದು ದೊಡ್ಡ ಪಟ್ಟಿ. 1972ರ ಜುಲೈ 23ರಂದು ಮೊದಲ ಉಪಗ್ರಹವನ್ನು ಹಾರಿಸಿದ ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯನ್ನೇ ತೆಗೆದುಕೊಳ್ಳಿ. ಈ ಸರಣಿಯ 8 ಮತ್ತು 9ನೆಯ ಉಪಗ್ರಹಗಳು 705 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ 16 ದಿನಗಳಿಗೊಮ್ಮೆ ಅದೇ ನೆಲದ ಮೇಲೆ ಹಾದುಹೋಗುತ್ತದೆ. ಅವುಗಳ ಸಾಮಾನ್ಯ ಚಿತ್ರದ ಒಂದು ಚುಕ್ಕೆ, ಅಂದರೆ ಪಿಕ್ಸೆಲ್, ನೆಲದ ಮೇಲಿನ 30 ಮೀಟರ್ ಉದ್ದ, 30 ಮೀಟರ್ ಅಗಲದ ತುಂಡಿಗೆ ಸಮ. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಒಂಬತ್ತು ಗುಂಟೆ. ಹಾಗಾಗಿ ಒಂದು ತೋಟ ಕಂಡೀತು, ತೋಟದ ಒಂದು ಮರ ಕಾಣದು.

ಬಣ್ಣದ ವಿಷಯ ಇನ್ನೂ ಸ್ವಾರಸ್ಯಕರ. ಹಸಿರೆಲೆ ಕೆಂಪು ಬೆಳಕನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಮಾತ್ರ ಹೇರಳವಾಗಿ ಪ್ರತಿಫಲಿಸುತ್ತದೆ. ಉಪಗ್ರಹ ಈ ಅವಕೆಂಪನ್ನೂ ಅಳೆಯುತ್ತದೆ. ಕಾಣದ ಕಿರಣವನ್ನು ಕಾಣಿಸಬೇಕಾದರೆ ಅದಕ್ಕೊಂದು ಬಣ್ಣ ಕೊಡಬೇಕಷ್ಟೆ. ವಿಜ್ಞಾನಿಗಳು ರೂಢಿಯಾಗಿ ಕೆಂಪನ್ನು ಕೊಡುತ್ತಾರೆ. ಆದ್ದರಿಂದ ಇಂಥ ಚಿತ್ರದಲ್ಲಿ ಮಲೆನಾಡಿನ ದಟ್ಟ ಕಾಡು ಕಡುಗೆಂಪಾಗಿ, ಆಳವಾದ ತಿಳಿನೀರು ಕಪ್ಪಾಗಿ, ಪಟ್ಟಣಗಳು ನೀಲಿಬೂದು ಬಣ್ಣದಲ್ಲಿ ಕಾಣಿಸುತ್ತವೆ. ಮೊದಲ ಸಲ ನೋಡಿದ ಮಗು “ಕಾಡಿಗೆ ಬೆಂಕಿ ಬಿದ್ದಿದೆಯೇ?” ಎಂದು ಕೇಳಿದರೆ ನಗಬಾರದು. ಚಿತ್ರವನ್ನು ಓದುವುದಕ್ಕೂ ಅಕ್ಷರಾಭ್ಯಾಸ ಬೇಕು.

ಮಕ್ಕಳ ಕೈಯಲ್ಲಿ ಕ್ಯಾಮೆರಾ

ಹಾಗಾದರೆ ಈ ಅಕ್ಷರಾಭ್ಯಾಸ ಮಾಡಿಸುವುದು ಹೇಗೆ? ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ನೆನೆಯತಕ್ಕದ್ದು. 1983ರ ಜೂನ್‌ನಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ ಸ್ಯಾಲಿ ರೈಡ್ ಮುಂದೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕಿಯಾದರು. ಅವರ ಮುಂದಾಳುತನದಲ್ಲಿ 1990ರ ದಶಕದ ನಡುವೆ ‘ಕಿಡ್‌ಸ್ಯಾಟ್’ ಎಂಬ ಯೋಜನೆ ರೂಪುಗೊಂಡಿತು. ಷಟಲ್ ನೌಕೆಯ ಕಿಟಕಿಗೆ ಒಂದು ಡಿಜಿಟಲ್ ಕ್ಯಾಮೆರಾ ಅಳವಡಿಸುವುದು, ಅದು ಯಾವ ಜಾಗದ ಚಿತ್ರ ತೆಗೆಯಬೇಕೆಂದು ಶಾಲಾ ಮಕ್ಕಳೇ ತೀರ್ಮಾನಿಸುವುದು – ಇದೇ ಯೋಜನೆಯ ತಿರುಳು. 1996ರ ಮಾರ್ಚ್‌ನಲ್ಲಿ ಅಟ್ಲಾಂಟಿಸ್ ನೌಕೆಯಲ್ಲಿ ಈ ಕ್ಯಾಮೆರಾ ಮೊದಲ ಬಾರಿ ಹಾರಿತು. ಮುಂದೆ ಯೋಜನೆಗೆ ‘ಅರ್ತ್‌ಕ್ಯಾಮ್’ ಎಂಬ ಹೆಸರು ಬಂತು. 2001ರಲ್ಲಿ ಕ್ಯಾಮೆರಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಸೇರಿತು. 2012ರಲ್ಲಿ ಸ್ಯಾಲಿ ರೈಡ್ ತೀರಿಕೊಂಡ ಮೇಲೆ ಯೋಜನೆಗೆ ಅವರ ಹೆಸರನ್ನೇ ಇಡಲಾಯಿತು.

ಬೇಕಾದ ಜಾಗವನ್ನು ಆರಿಸುವುದೇನೂ ಸುಲಭದ ಕೆಲಸವಾಗಿರಲಿಲ್ಲ. ನೌಕೆ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅಷ್ಟರಲ್ಲಿ ಭೂಮಿ 22.5 ಡಿಗ್ರಿ ತಿರುಗಿರುತ್ತದೆ. ಹೀಗಾಗಿ ಮುಂದಿನ ಸುತ್ತಿನ ಹಾದಿ ಸಮಭಾಜಕದ ಬಳಿ ಸುಮಾರು 2,500 ಕಿಲೋಮೀಟರ್ ಪಶ್ಚಿಮಕ್ಕೆ ಸರಿಯುತ್ತದೆ. ಬೇಕಾದ ಊರು ಆ ಹಾದಿಯಲ್ಲಿದೆಯೇ? ನೌಕೆ ಬರುವಾಗ ಅಲ್ಲಿ ಹಗಲೋ ರಾತ್ರಿಯೋ? ಮೋಡ ಕವಿದಿದೆಯೇ? ನೌಕೆಯ ವೇಗ ಸೆಕೆಂಡಿಗೆ ಏಳು ಕಿಲೋಮೀಟರಿಗೂ ಹೆಚ್ಚು. ಮೈಸೂರಿಗೆ ಗುರಿಯಿಟ್ಟವರು ಇಪ್ಪತ್ತು ಸೆಕೆಂಡು ತಡ ಮಾಡಿದರೆ, ಬೆಂಗಳೂರಿನಷ್ಟು ದೂರದ ನೆಲವೇ ಚಿತ್ರದಲ್ಲಿ ಬಂದೀತು!

ಅಕ್ಷಾಂಶ, ರೇಖಾಂಶ, ಕಾಲವಲಯ, ಭೂಮಿಯ ಆವರ್ತನೆ – ಬಾಯಿಪಾಠಕ್ಕೆ ಬೇಸರ ತರಿಸುವ ಈ ಪದಗಳೆಲ್ಲ ಇಲ್ಲಿ ಕೆಲಸದ ಹತ್ಯಾರುಗಳಾದವು. ಲೆಕ್ಕ ತಪ್ಪಿದರೆ ಬರುವುದು ಕೆಂಪುಶಾಯಿಯ ಗುರುತಲ್ಲ, ಬರೀ ಸಾಗರದ ಚಿತ್ರ. ತಪ್ಪು ಎಲ್ಲಿ ಆಯಿತೆಂದು ಮಗು ತಾನೇ ಹುಡುಕತೊಡಗುತ್ತದೆ. ಸಿದ್ಧವಾದ ನೂರು ಚಿತ್ರಗಳನ್ನು ತೋರಿಸುವುದಕ್ಕಿಂತ, ಎಲ್ಲಿ ನೋಡಬೇಕೆಂದು ಆರಿಸಲು ಬಿಟ್ಟ ಒಂದೇ ಚಿತ್ರ ಹೆಚ್ಚು ಕಲಿಸುತ್ತದೆ ಎಂಬುದು ಈ ಪ್ರಯೋಗದ ಹಿಂದಿನ ತತ್ವ.

ದುಬಾರಿಯಿಂದ ಉಚಿತದವರೆಗೆ

ಭಾರತಕ್ಕೂ ಈ ಕ್ಷೇತ್ರದಲ್ಲಿ ಹೆಮ್ಮೆಯ ಸ್ಥಾನವಿದೆ. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ತಯಾರಾದ ಐಆರ್‌ಎಸ್-1ಎ ದೂರಸಂವೇದಿ ಉಪಗ್ರಹವನ್ನು 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿಸಲಾಯಿತು. ಆದರೆ ಅಂದಿನ ದಿನಗಳಲ್ಲಿ ಉಪಗ್ರಹ ಚಿತ್ರ ಶಾಲೆಯ ಕೈಗೆಟಕುವ ವಸ್ತುವಾಗಿರಲಿಲ್ಲ. ಈ ಶತಮಾನದ ಆರಂಭದಲ್ಲೂ ಲ್ಯಾಂಡ್‌ಸ್ಯಾಟ್‌ನ ಒಂದು ಚಿತ್ರಕ್ಕೆ ಸುಮಾರು 600 ಡಾಲರ್ ಬೆಲೆಯಿತ್ತು. 2008ರಲ್ಲಿ ಅಮೆರಿಕ ಅದನ್ನು ಉಚಿತಗೊಳಿಸಿದ ಮೇಲೆ ಚಿತ್ರವೇ ಬದಲಾಯಿತು. ಇಸ್ರೋ 2009ರ ಆಗಸ್ಟ್‌ನಲ್ಲಿ ‘ಭುವನ್’ ತಾಣವನ್ನು ತೆರೆಯಿತು. ಮುಂದೆ ಎನ್‌ಸಿಇಆರ್‌ಟಿ ಜೊತೆ ಸೇರಿ ಶಾಲಾ ವಿದ್ಯಾರ್ಥಿಗಳಿಗಾಗಿಯೇ ಪಠ್ಯಕ್ಕೆ ಹೊಂದುವ ‘ಸ್ಕೂಲ್ ಭುವನ್’ ರೂಪುಗೊಂಡಿತು. ಗೂಗಲ್ ಅರ್ತ್‌ನಲ್ಲಿ 1984ರಿಂದೀಚಿನ ಬದಲಾವಣೆಗಳನ್ನು ಸಿನಿಮಾದಂತೆ ಓಡಿಸಿ ನೋಡುವ ಅನುಕೂಲವಿದೆ. ನಾಸಾದ ‘ಅರ್ತ್ ಅಬ್ಸರ್ವೇಟರಿ’ಯಲ್ಲಿ ಅರಲ್ ಸಮುದ್ರದ ವರ್ಷವಾರು ಚಿತ್ರಗಳು ವಿವರಣೆಯ ಸಹಿತ ದೊರೆಯುತ್ತವೆ.

ಇಷ್ಟೆಲ್ಲ ಇದ್ದೂ ಒಂದು ಅಪಾಯವಿದೆ. ಮಗು ಮೊಬೈಲ್ ಪರದೆಯ ಮೇಲೆ ಬೆರಳಾಡಿಸುತ್ತಾ ಹಿಮಾಲಯದಿಂದ ಸಹಾರಕ್ಕೆ ಹಾರಿ, ತನ್ನ ಮನೆಯ ಮಾಳಿಗೆ ಕಂಡು ಕೇಕೆ ಹಾಕಿ, ಮುಚ್ಚಿಟ್ಟುಬಿಡಬಹುದು. ಅದು ನೋಟವಾಯಿತೇ ಹೊರತು ಓದಾಗಲಿಲ್ಲ.

ಒಂದು ಚಿತ್ರ, ಮೂರು ಪ್ರಶ್ನೆ

ಇದಕ್ಕೆ ಪಾಲಕರೂ ಶಿಕ್ಷಕರೂ ಸರಳವಾದ ಒಂದು ಕ್ರಮ ಅನುಸರಿಸಬಹುದು. ಶಾಲೆಯಲ್ಲಿ ಒಂದೇ ಕಂಪ್ಯೂಟರ್ ಇದ್ದರೂ ಸಾಕು. ಅಚ್ಚು ಹಾಕಿಸಿದ ಎರಡು ಚಿತ್ರಗಳಿದ್ದರೂ ಆದೀತು. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದೇ ವರ್ಷದ ಮೇ ತಿಂಗಳ ಚಿತ್ರವನ್ನೂ ಅಕ್ಟೋಬರ್‌ನ ಚಿತ್ರವನ್ನೂ ಮುಂದಿಟ್ಟುಕೊಂಡು ಮೂರು ಪ್ರಶ್ನೆ ಕೇಳಿ.

ಮೊದಲನೆಯದು, ಏನು ಕಾಣುತ್ತಿದೆ? ಇಲ್ಲಿ ಕಾರಣ ಹೇಳಬಾರದು, ಕಂಡದ್ದನ್ನಷ್ಟೇ ಹೇಳಬೇಕು. ಎರಡನೆಯದು, ಎಷ್ಟು? ಚಿತ್ರದ ಮೇಲೆ ಚೌಕಗಳ ಪಾರದರ್ಶಕ ಹಾಳೆ ಇಟ್ಟು, ನೀರು ಆವರಿಸಿದ ಚೌಕಗಳನ್ನು ಎಣಿಸಿ, ಅಳತೆಪಟ್ಟಿಯ ನೆರವಿನಿಂದ ವಿಸ್ತೀರ್ಣ ಲೆಕ್ಕ ಹಾಕಬೇಕು. ಮೂರನೆಯದು, ಏಕೆ? ಆಗ ಮುಂಗಾರು ಬರುತ್ತದೆ. ಪಶ್ಚಿಮಘಟ್ಟದಲ್ಲಿ ಹುಟ್ಟುವ ತುಂಗೆ, ಭದ್ರೆ ಬರುತ್ತವೆ. ಬಯಲುಸೀಮೆಯ ಗದ್ದೆಗೆ ನೀರು ಎಲ್ಲಿಂದ ಬರುತ್ತದೆಂಬುದೂ ತಿಳಿಯುತ್ತದೆ.

ಕೊನೆಗೆ, ಚಿತ್ರಕ್ಕೆ ಕಾಣದ್ದು ಏನು ಎಂದೂ ಕೇಳಬೇಕು. ಈ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಮೇಲಿನಿಂದ ನೋಡಿದರೆ ತುಂಬಿದ ಜಲಾಶಯ ತುಂಬಿದಂತೆಯೇ ಕಾಣುತ್ತದೆ. ತಳದ ಹೂಳು ಕಾಣದು. ಅದನ್ನು ತಿಳಿಯಲು ದೋಣಿಯಲ್ಲಿ ಹೋಗಿ ಆಳ ಅಳೆಯಬೇಕು. ಹಾಗೆಯೇ ವರ್ಷವಾರು ಓಡುವ ಚಿತ್ರಗಳು ಅನೇಕ ದಿನಗಳ ಮೋಡವಿಲ್ಲದ ತುಣುಕುಗಳನ್ನು ಸೇರಿಸಿ ಮಾಡಿದಂಥವು. ಒಂದು ವಾರ ಬಂದುಹೋದ ಪ್ರವಾಹ ಅವುಗಳಲ್ಲಿ ಸಿಗದೇ ಹೋಗಬಹುದು. ಉಪಗ್ರಹ ಕೊಟ್ಟ ಸುಳಿವನ್ನು ನೆಲದ ಮೇಲೆ ನಿಂತು ಪರೀಕ್ಷಿಸುವುದನ್ನು ವಿಜ್ಞಾನಿಗಳೂ ತಪ್ಪಿಸುವುದಿಲ್ಲ. ನಮ್ಮೂರ ಕೆರೆಯ ಚಿತ್ರ ನೋಡಿದ ವಿದ್ಯಾರ್ಥಿ ಭಾನುವಾರ ಹಿರಿಯರೊಡನೆ ಆ ಕೆರೆಯ ಏರಿಯ ಮೇಲೂ ಒಂದು ಸುತ್ತು ಹಾಕಿ ಬರಬೇಕು. ಚಿತ್ರದಲ್ಲಿ ಹಸಿರಾಗಿ ಕಂಡದ್ದು ಹುಲ್ಲೋ, ನೀರಿನ ಮೇಲೆ ಹರಡಿದ ಕಳೆಯೋ ಎಂದು ಅಲ್ಲಿಯೇ ಗೊತ್ತಾಗುವುದು.

ಮತ್ತೆ ಅರಲ್ ಸಮುದ್ರಕ್ಕೆ ಬರೋಣ. ಕಜಕಿಸ್ತಾನದಲ್ಲಿ 2005ರಲ್ಲಿ ಕೋಕ್-ಅರಲ್ ಅಣೆಕಟ್ಟು ಪೂರ್ಣಗೊಂಡು, ಸಿರ್ ದರಿಯಾದ ನೀರು ದಕ್ಷಿಣಕ್ಕೆ ಹರಿದುಹೋಗದಂತೆ ತಡೆಯಿತು. ಮರುವರ್ಷದ ಚಿತ್ರದಲ್ಲೇ ಉತ್ತರದ ಪುಟ್ಟ ಹೋಳು ಹಿಗ್ಗಿರುವುದು ಕಾಣುತ್ತದೆ. ಅಲ್ಲಿಗೆ ಮೀನೂ ಮೀನುಗಾರರೂ ಹಿಂತಿರುಗಿದರು. ದಕ್ಷಿಣದ ಹೋಳು ಮಾತ್ರ ಒಣಗುತ್ತಲೇ ಹೋಯಿತು. ಮನುಷ್ಯ ಕೆಡಿಸಿದ್ದೂ ಸ್ವಲ್ಪಮಟ್ಟಿಗೆ ಸರಿಪಡಿಸಿದ್ದೂ ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಇವೆ. ಇಂದು ರಾತ್ರಿ ಊಟವಾದ ಮೇಲೆ ಆ ಎರಡನ್ನೂ ಮಗುವಿನ ಮುಂದಿಡಿ. ವಿವರಣೆ ಕೊಡಲು ಅವಸರ ಮಾಡಬೇಡಿ. ಮೊದಲ ಪ್ರಶ್ನೆ ಮಗುವಿನಿಂದಲೇ ಬರಲಿ.