ಹಳೇ ಟ್ರಕ್ಕಿಗೆ ಹೊಸ ಗುಂಡಿಗೆ

ಅಮೆರಿಕದ ಮನೆ ಗ್ಯಾರೇಜುಗಳಲ್ಲಿ ವಾರಾಂತ್ಯ ಬಂತೆಂದರೆ ಬಾನೆಟ್ ಎತ್ತಿಕೊಂಡು ನಿಲ್ಲುವ ಗಾಡಿಗಳ ಪೈಕಿ ಶೆವರ್ಲೆ ಸಿ-10 ಪಿಕಪ್ಪಿಗೆ ವಿಶೇಷ ಸ್ಥಾನ. ಅದರಲ್ಲೂ 1967ರಿಂದ 1972ರವರೆಗಿನ ಮಾದರಿಗಳೆಂದರೆ ಹವ್ಯಾಸಿಗಳಿಗೆ ಅಚ್ಚುಮೆಚ್ಚು. ಗಟ್ಟಿ ಚಾಸಿ, ಕೈಯಾಡಿಸಲು ಧಾರಾಳ ಜಾಗ, ಇಂದಿಗೂ ಹೊಸದಾಗಿ ಸಿಗುವ ಬಿಡಿಭಾಗ, ಇನ್ನೇನು ಬೇಕು?

ಇದಕ್ಕೆ ಜೋಡಿಯಾಗಿ ಸಿಕ್ಕಿದ್ದು ಜನರಲ್ ಮೋಟಾರ್ಸ್‌ನ ಎಲ್‌ಎಸ್ ಸರಣಿಯ ವಿ8 ಎಂಜಿನ್. 1997ರ ಕಾರ್ವೆಟ್ ಕಾರಿನೊಂದಿಗೆ ಬಂದ ಈ ಮನೆತನದ 5.3 ಲೀಟರ್ ಎಂಜಿನ್ 1999ರಿಂದ ಸಿಲ್ವರಾಡೊ ಟ್ರಕ್ಕುಗಳಿಗೆ ಏರಿತು. ಹಾಗಾಗಿ ಅಲ್ಲಿನ ಗುಜರಿಯಲ್ಲಿ ಅದಕ್ಕೆ ಬರವಿಲ್ಲ.

ಎಂಜಿನ್ ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಳೆಯ ಕಾರ್ಬುರೇಟರಿಗೆ 5ರಿಂದ 7 ಪಿಎಸ್‌ಐ ಪೆಟ್ರೋಲ್ ಒತ್ತಡ ಸಾಕಿತ್ತು. ಹೊಸ ಎಂಜಿನ್ನಿನ ಇಂಜೆಕ್ಟರುಗಳಿಗೆ ಸುಮಾರು 58 ಬೇಕು. ಪಂಪು, ಪೈಪು, ವೈರಿಂಗ್, ಕಂಪ್ಯೂಟರ್ ಎಲ್ಲವೂ ಹೊಸದಾಗಬೇಕು. 1971ಕ್ಕೂ ಹಿಂದಿನ ಗಾಡಿಯಾದರೆ ಮುಂದಿನ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಹಾಕುವುದು ಕ್ಷೇಮ.

ಇನ್ನು ಕಾನೂನಿನ ಮಾತು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ವಾಹನಗಳಿಗೆ ನಿಯತ ಹೊಗೆ ತಪಾಸಣೆಯಿಂದ ವಿನಾಯಿತಿಯಿದೆ. ಭಾರತದಲ್ಲಿ ಲೆಕ್ಕ ಬೇರೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ‘ವಿಂಟೇಜ್’ ನೋಂದಣಿ ಸಿಗಬೇಕೆಂದರೆ ಎಂಜಿನ್, ಚಾಸಿ, ಬಾಡಿ ಗಣನೀಯವಾಗಿ ಬದಲಾಗಿರಬಾರದು.