ರೇಡಿಯೇಷನ್ ಮುಗಿದ ಮೇಲೆ ದನಿ

ಧ್ವನಿತಂತುವಿನ ಮೇಲೆ ಹುಟ್ಟುವ ಕ್ಯಾನ್ಸರ್ ತನ್ನ ಸುಳಿವನ್ನು ಬೇಗ ಬಿಟ್ಟುಕೊಡುತ್ತದೆ. ಹೊಟ್ಟೆಯಲ್ಲೋ ಶ್ವಾಸಕೋಶದಲ್ಲೋ ಬೆಳೆಯುವ ಗಡ್ಡೆ ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಧ್ವನಿತಂತುವಿನಲ್ಲಿ ಹಾಗಲ್ಲ, ಕೆಲವೇ ಮಿಲಿಮೀಟರ್ ದಪ್ಪಗಾದರೂ ದನಿ ಒಡೆಯುತ್ತದೆ. ಜೊತೆಗೆ ಈ ತಂತುಗಳಲ್ಲಿ ದುಗ್ಧರಸ ನಾಳಗಳು ತೀರ ಕಡಿಮೆ. ಹಾಗಾಗಿ ರೋಗ ಕುತ್ತಿಗೆಯ ಗ್ರಂಥಿಗಳಿಗೆ ಅಷ್ಟು ಸುಲಭವಾಗಿ ಹಬ್ಬುವುದಿಲ್ಲ. ಮೊದಲ ಹಂತದಲ್ಲೇ, ಅಂದರೆ ಗಡ್ಡೆ ತಂತುಗಳ ಮೇಲಷ್ಟೇ ಇದ್ದು ಅವು ಸರಾಗವಾಗಿ ಚಲಿಸುತ್ತಿರುವಾಗಲೇ ಸಿಕ್ಕಿಬಿದ್ದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ರೋಗ ವಾಸಿಯಾಗುತ್ತದೆ. ಜೀವದ ಚಿಂತೆ ಇಷ್ಟರ ಮಟ್ಟಿಗೆ ಹಗುರಾದ ಮೇಲೆ ಉಳಿಯುವ ಪ್ರಶ್ನೆ, ಚಿಕಿತ್ಸೆಯ ನಂತರ ದನಿ ಹೇಗಿರುತ್ತದೆ ಎಂಬುದು.

ಅದಕ್ಕೆ ಉತ್ತರ ತಂತುವಿನ ರಚನೆಯಲ್ಲೇ ಇದೆ. ಒಳಗೆ ಸ್ನಾಯು, ಅದರ ಮೇಲೆ ಗಟ್ಟಿ ನಾರಿನ ಪದರ, ಅದರ ಮೇಲೆ ಮೆತ್ತನೆಯ ತೆಳು ಪದರ, ಎಲ್ಲಕ್ಕೂ ಹೊರಗೆ ಸದಾ ಒದ್ದೆಯಾಗಿರುವ ಲೋಳೆಪೊರೆ. ಮಾತಾಡುವಾಗ ಹೊರಗಿನ ಪದರಗಳು ಹಾಲಿನ ಮೇಲಿನ ಕೆನೆಯ ಹಾಗೆ ಒಳಗಿನ ಭಾಗದ ಮೇಲೆ ಅಲೆಯಾಡುತ್ತವೆ. ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 150 ಸಲ, ಹೆಂಗಸರಲ್ಲಿ 200ರ ಆಸುಪಾಸು ಈ ಕಂಪನ ನಡೆಯುತ್ತದೆ. ಎರಡೂ ತಂತುಗಳು ಒಂದೇ ಲಯದಲ್ಲಿ ಅಲುಗಿ, ನಡುವೆ ಸಂದು ಬಿಡದೆ ಕೂಡಿಕೊಂಡರೆ ದನಿ ಸ್ವಚ್ಛ. ಗಡ್ಡೆ ಈ ಅಲೆಯನ್ನು ತಡೆಯುತ್ತದೆ. ಗಡ್ಡೆಯನ್ನು ಕರಗಿಸುವ ಚಿಕಿತ್ಸೆಯೂ ಅದೇ ಮೆತ್ತನೆಯ ಪದರವನ್ನು ಸ್ವಲ್ಪ ಬಿಗಿ ಮಾಡಿ ಹೋಗುತ್ತದೆ.

ಈ ಕ್ಯಾನ್ಸರಿನ ಮುಖ್ಯ ಕಾರಣ ಬೀಡಿ, ಸಿಗರೇಟು. ಕುಡಿತವೂ ಸೇರಿದರೆ ಅಪಾಯ ಹಲವು ಪಟ್ಟು ಹೆಚ್ಚು. ರೋಗಿಗಳಲ್ಲಿ ಗಂಡಸರೇ ಜಾಸ್ತಿ. ಗಂಟಲು ಕಟ್ಟಿದೆ ಎಂದು ಕಷಾಯ, ಕಲ್ಲುಸಕ್ಕರೆ, ಮೆಡಿಕಲ್ ಶಾಪಿನ ಮಾತ್ರೆಗಳಲ್ಲಿ ತಿಂಗಳುಗಳು ಕಳೆದುಹೋಗುವುದೇ ನಮ್ಮಲ್ಲಿನ ದೊಡ್ಡ ತೊಂದರೆ. ದನಿ ಮೂರು ವಾರ ದಾಟಿದರೂ ಸರಿಯಾಗದಿದ್ದರೆ, ಅದರಲ್ಲೂ ಧೂಮಪಾನಿಗಳಲ್ಲಿ, ಗಂಟಲೊಳಗೆ ಇಣುಕಿ ನೋಡಲೇಬೇಕು. ಇಣುಕುವ ವಿದ್ಯೆಗೆ ದಾರಿ ತೋರಿದವನು ವೈದ್ಯನಲ್ಲ, ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು. 1854ರಲ್ಲಿ ಆತ ಸಣ್ಣ ಕನ್ನಡಿಗಳ ನೆರವಿನಿಂದ ತನ್ನದೇ ಧ್ವನಿತಂತುಗಳನ್ನು ನೋಡಿಕೊಂಡ. ಈಗ ಆ ಕೆಲಸಕ್ಕೆ ಎಂಡೋಸ್ಕೋಪ್ ಇದೆ. ಮಿನುಗುವ ಬೆಳಕಿನಲ್ಲಿ ಕಂಪನವನ್ನು ನಿಧಾನಗತಿಯಲ್ಲಿ ಕಾಣಿಸುವ ಸ್ಟ್ರೋಬೋಸ್ಕೋಪಿಯೂ ಇದೆ.

ಮೈಸೂರಿನ ದಟ್ಟಗಳ್ಳಿ ಬಡಾವಣೆಯ ಪಕ್ಕದ ರಾಮಕೃಷ್ಣನಗರಕ್ಕೆ ಹೆಸರು ಕೊಟ್ಟ ರಾಮಕೃಷ್ಣ ಪರಮಹಂಸರು 1886ರಲ್ಲಿ ತೀರಿಕೊಂಡದ್ದು ಗಂಟಲಿನ ಕ್ಯಾನ್ಸರಿನಿಂದಲೇ. ಆಗಿನ್ನೂ ರೇಡಿಯೇಷನ್ ಚಿಕಿತ್ಸೆ ಇರಲಿಲ್ಲ, ಎಕ್ಸ್-ರೇ ಪತ್ತೆಯಾದದ್ದೇ 1895ರಲ್ಲಿ. ವಿಕಿರಣವನ್ನು ಚಿಕಿತ್ಸೆಗೆ ಬಳಸುವುದು ಅದರ ಬೆನ್ನಿಗೇ ಶುರುವಾಯಿತು.

ಹಳ್ಳಿಗಳ ಕಡೆ ‘ಕರೆಂಟ್ ಕೊಡೋದು’ ಎನ್ನುವ ಈ ಚಿಕಿತ್ಸೆಯಲ್ಲಿ ಶಾಕ್ ಇಲ್ಲ, ನೋವೂ ಇಲ್ಲ. ಮುಖ ಮತ್ತು ಕುತ್ತಿಗೆ ಅಲುಗದಂತೆ ಹಿಡಿದಿಡಲು ಪ್ಲಾಸ್ಟಿಕ್ ಜಾಲರಿಯ ಅಚ್ಚೊಂದನ್ನು ಮಾಡುತ್ತಾರೆ. ವಾರಕ್ಕೆ ಐದು ದಿನ, ದಿನಕ್ಕೆ ಕೆಲವೇ ನಿಮಿಷ, ಧ್ವನಿಪೆಟ್ಟಿಗೆಯ ಸುತ್ತ ಐದಾರು ಸೆಂಟಿಮೀಟರಿನಷ್ಟು ಚೌಕಕ್ಕೆ ಮಾತ್ರ ಕಿರಣ ಬೀಳುತ್ತದೆ. ಹಳೆಯ ಕ್ರಮದಲ್ಲಿ 66 ಗ್ರೇ (ವಿಕಿರಣವನ್ನು ಅಳೆಯುವ ಮಾನ) ಪ್ರಮಾಣವನ್ನು 33 ಕಂತುಗಳಲ್ಲಿ ಕೊಡುತ್ತಿದ್ದರು. ದಿನದ ಪ್ರಮಾಣವನ್ನು ಕೊಂಚ ಹೆಚ್ಚಿಸಿ 63 ಗ್ರೇಯನ್ನು 28 ಕಂತುಗಳಲ್ಲಿ ಮುಗಿಸಿದರೆ ರೋಗ ಇನ್ನೂ ಚೆನ್ನಾಗಿ ಹತೋಟಿಗೆ ಬರುತ್ತದೆ ಎಂದು 2006ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನ ತೋರಿಸಿತು. ಈಗ ಹಲವು ಕಡೆ ಅದೇ ಲೆಕ್ಕ ಚಾಲ್ತಿಯಲ್ಲಿದೆ. ಮೈಸೂರಿನವರು ಇದಕ್ಕಾಗಿ ಊರು ಬಿಡಬೇಕಾಗಿಲ್ಲ, ಹೆಬ್ಬಾಳದ ಎಚ್‌ಸಿಜಿ ಭಾರತ್ ಆಸ್ಪತ್ರೆಯಲ್ಲಿ ಸೌಲಭ್ಯವಿದೆ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಆರೇಳು ವಾರ ಪ್ರತಿದಿನ ಹೋಗಿಬರುವ ಚಿಕಿತ್ಸೆಗೆ ಆಸ್ಪತ್ರೆ ಮನೆಗೆ ಹತ್ತಿರವಿರುವುದು ಸಣ್ಣ ಅನುಕೂಲವಲ್ಲ.

ಚಿಕಿತ್ಸೆಯ ಮೊದಲ ವಾರ ಏನೂ ಅನ್ನಿಸದಿರಬಹುದು. ಎರಡನೆಯ ಅಥವಾ ಮೂರನೆಯ ವಾರದಿಂದ ಲೋಳೆಪೊರೆ ಕೆಂಪಾಗಿ ಊದಿಕೊಳ್ಳುತ್ತದೆ. ಗಂಟಲು ಒಣಗುತ್ತದೆ, ನುಂಗುವಾಗ ಉರಿಯುತ್ತದೆ, ಕುತ್ತಿಗೆಯ ಚರ್ಮ ಕಪ್ಪಾಗುತ್ತದೆ. ದನಿ ಮೊದಲಿಗಿಂತ ಕೆಡುತ್ತದೆ. ಕೊನೆಯ ವಾರಗಳಲ್ಲಿ ಕೆಲವರಿಗೆ ಪಿಸುಮಾತಷ್ಟೇ ಉಳಿಯುವುದೂ ಉಂಟು. ಚಿಕಿತ್ಸೆ ಫಲಿಸಲಿಲ್ಲವೆಂದು ರೋಗಿ ಮತ್ತು ಮನೆಯವರು ಗಾಬರಿಯಾಗುವುದು ಈ ಘಟ್ಟದಲ್ಲೇ. ನಿಜವಾಗಿ ಇದು ಸುಟ್ಟ ಪೊರೆಯ ಊತ. ಕಿರಣ ನಿಂತ ಮೇಲೆ ಒಂದೆರಡು ತಿಂಗಳಲ್ಲಿ ಅದು ಇಳಿಯತೊಡಗುತ್ತದೆ. ಮೂರರಿಂದ ಆರು ತಿಂಗಳ ಹೊತ್ತಿಗೆ ಬಹುಪಾಲು ಜನರ ದನಿ ಚಿಕಿತ್ಸೆಗೆ ಮುಂಚಿನದಕ್ಕಿಂತ ಚೆನ್ನಾಗಿರುತ್ತದೆ. ಸುಧಾರಣೆ ವರ್ಷದವರೆಗೂ ನಿಧಾನವಾಗಿ ಮುಂದುವರಿಯಬಹುದು.

ಹಾಗೆಂದು ಎಲ್ಲರಿಗೂ ಹಳೆಯ ದನಿಯೇ ಮರಳುತ್ತದೆ ಎಂದುಕೊಳ್ಳುವಂತಿಲ್ಲ. ಸ್ಟ್ರೋಬೋಸ್ಕೋಪಿಯಲ್ಲಿ ನೋಡಿದರೆ ಒಂದು ತಂತುವಿನ ಅಲೆ ಚಿಕ್ಕದಾಗಿರುವುದು, ಎರಡರ ಲಯ ಹೊಂದದಿರುವುದು, ಮೇಲ್ಮೈ ಒಣಗಿರುವುದು ಆಗಾಗ ಕಾಣಸಿಗುತ್ತದೆ. ದಿನದ ಮಾತುಕತೆಗೆ ಇದು ಅಡ್ಡಿಯಾಗದು. ಗದ್ದಲದಲ್ಲಿ ದನಿ ಏರಿಸಲು, ತಾರಸ್ಥಾಯಿಗೆ ಹೋಗಲು, ಗಂಟೆಗಟ್ಟಲೆ ಮಾತಾಡಲು ಕಷ್ಟವಾಗುತ್ತದೆ. ಬ್ಯಾಂಕಿನ ನೌಕರನಿಗೆ ಅಷ್ಟಾಗಿ ಬಾಧಿಸದ ಈ ಕೊರತೆ ಗಮಕಿಗೋ ಯಕ್ಷಗಾನದ ಭಾಗವತರಿಗೋ ಬೀದಿಯಲ್ಲಿ ಸೊಪ್ಪು ಕೂಗುವವರಿಗೋ ಹೊಟ್ಟೆಪಾಡಿನ ಪ್ರಶ್ನೆ.

ಯಾರ ದನಿ ಎಷ್ಟು ಮರಳುತ್ತದೆ ಎಂಬುದು ಹಲವು ಸಂಗತಿಗಳನ್ನು ಅವಲಂಬಿಸಿದೆ. ಗಡ್ಡೆ ಒಂದೇ ತಂತುವಿನಲ್ಲಿದ್ದರೆ ಒಳ್ಳೆಯದು. ಎರಡೂ ತಂತುಗಳಿಗೆ, ಅವು ಮುಂದೆ ಕೂಡುವ ಮೂಲೆಗೆ ಹಬ್ಬಿದ್ದರೆ ಫಲಿತಾಂಶ ಅಷ್ಟು ಚೆನ್ನಾಗಿರದು. ಬಯಾಪ್ಸಿಗಾಗಿ ಎಷ್ಟು ಅಂಗಾಂಶ ತೆಗೆದರು ಎಂಬುದೂ ಮುಖ್ಯ. ಪೊರೆಯನ್ನು ಆಳವಾಗಿ, ಮತ್ತೆ ಮತ್ತೆ ಕಿತ್ತಿದ್ದರೆ ಆ ಗಾಯದ ಬಿಗಿತವನ್ನು ರೇಡಿಯೇಷನ್ ಸರಿಮಾಡುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಹೊಗೆ. ಚಿಕಿತ್ಸೆಯ ನಡುವೆಯೂ ಅನಂತರವೂ ಬೀಡಿ ಸೇದುವವರ ದನಿ ಕೆಟ್ಟದಾಗಿಯೇ ಉಳಿಯುತ್ತದೆ, ಕ್ಯಾನ್ಸರ್ ಮರಳುವ ಅಪಾಯವೂ ಏರುತ್ತದೆ. ವೈದ್ಯರು ಎಷ್ಟೇ ಕರಾರುವಾಕ್ಕಾಗಿ ಕಿರಣ ಹಾಯಿಸಿದರೂ ಈ ಒಂದು ಚಟದ ಮುಂದೆ ಅದರ ಲಾಭ ಕುಗ್ಗಿಹೋಗುತ್ತದೆ.

ರೇಡಿಯೇಷನ್ನಿಗೆ ಬದಲಾಗಿ ಬಾಯಿಯ ಮೂಲಕವೇ ಲೇಸರ್ ಹಾಯಿಸಿ ಗಡ್ಡೆ ತೆಗೆಯುವ ಶಸ್ತ್ರಕ್ರಿಯೆಯೂ ಇದೆ. ವಾಸಿ ಮಾಡುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಲೇಸರ್ ಒಂದೇ ದಿನದ ಕೆಲಸ, ಮುಂದೆ ಬೇಕಾದರೆ ರೇಡಿಯೇಷನ್ ಕೈಯಲ್ಲಿ ಉಳಿದಿರುತ್ತದೆ. ದನಿಯ ವಿಚಾರದಲ್ಲಿ ಫಿನ್ಲೆಂಡಿನ ವೈದ್ಯರು 2014ರಲ್ಲಿ ಪ್ರಕಟಿಸಿದ ಹೋಲಿಕೆ ಉಪಯುಕ್ತ: ಒಟ್ಟಾರೆ ಗುಣಮಟ್ಟ ಎರಡರಲ್ಲೂ ಸರಿಸುಮಾರು ಒಂದೇ, ಆದರೆ ಲೇಸರ್ ಆದವರ ದನಿಯಲ್ಲಿ ಗಾಳಿ ಹೆಚ್ಚು ಸೋರುತ್ತಿತ್ತು. ದನಿಯಿಂದಾಗುವ ದೈನಂದಿನ ತೊಂದರೆ ರೇಡಿಯೇಷನ್ ಪಡೆದವರಲ್ಲಿ ಎರಡು ವರ್ಷದ ಬಳಿಕ ಕಡಿಮೆಯಿತ್ತು. ತೀರ ಮೇಲುಮೇಲಿನ ಗಡ್ಡೆಗೆ ಲೇಸರ್ ಸಾಕು. ಆಳಕ್ಕೆ ಕತ್ತರಿಸಬೇಕಾದಲ್ಲಿ ದನಿಯ ಮಟ್ಟಿಗೆ ರೇಡಿಯೇಷನ್ನೇ ಮೇಲು.

ದನಿ ಸುಧಾರಿಸಿದೆ ಎನ್ನುವುದನ್ನು ಕಿವಿಯ ಅಂದಾಜಿಗೆ ಬಿಡುವುದಿಲ್ಲ. ಒರಟುತನ, ಗಾಳಿ ಸೋರಿಕೆ, ಬಲಹೀನತೆ, ಬಿಗಿತ ಇವುಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಕ್ರಮವಿದೆ. ಒಂದೇ ಉಸಿರಿನಲ್ಲಿ ‘ಆ’ ಎಂದು ಎಷ್ಟು ಹೊತ್ತು ಎಳೆಯಬಹುದು ಎಂಬುದನ್ನೂ ಅಳೆಯುತ್ತಾರೆ. ಆರೋಗ್ಯವಂತ ವಯಸ್ಕರು 15 ಸೆಕೆಂಡಿಗಿಂತ ಹೆಚ್ಚು ಎಳೆಯುತ್ತಾರೆ, 10ಕ್ಕಿಂತ ಕಡಿಮೆಯಾದರೆ ತಂತುಗಳು ಸರಿಯಾಗಿ ಕೂಡುತ್ತಿಲ್ಲ ಎಂಬ ಅನುಮಾನ ಬರುತ್ತದೆ. ಫೋನಿನಲ್ಲಿ ಮಾತಾಡಲು, ಮನೆಮಂದಿಯ ನಡುವೆ ಕೇಳಿಸಿಕೊಳ್ಳಲು ಎಷ್ಟು ಕಷ್ಟ ಎಂಬುದನ್ನು ರೋಗಿಯೇ ಹೇಳುವ 30 ಪ್ರಶ್ನೆಗಳ ಪಟ್ಟಿಯೂ ಇದೆ. ಚಿಕಿತ್ಸೆಗೆ ಮುಂಚೆಯೇ ಒಮ್ಮೆ ಇದೆಲ್ಲ ದಾಖಲಾಗಿದ್ದರೆ ಮುಂದೆ ಹೋಲಿಸಲು ಆಧಾರ ಸಿಗುತ್ತದೆ.

ಇಲ್ಲಿ ಮೈಸೂರಿಗೆ ದೇಶದ ಬಹುಪಾಲು ಊರುಗಳಿಗಿಲ್ಲದ ಅನುಕೂಲವೊಂದಿದೆ. ಊರಿನವರು ‘ಆಯಿಷ್’ ಎಂದೇ ಕರೆಯುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ದಟ್ಟಗಳ್ಳಿಯಿಂದ ಅಲ್ಲಿಗೆ ಕೆಲವೇ ಕಿಲೋಮೀಟರ್. ಮಕ್ಕಳ ಕಿವುಡುತನ, ಉಗ್ಗು ಎಂದರೆ ಜನಕ್ಕೆ ಆ ಸಂಸ್ಥೆ ನೆನಪಾಗುತ್ತದೆ. ಗಂಟಲಿನ ರೇಡಿಯೇಷನ್ ಮುಗಿಸಿದವರಿಗೂ ಅಲ್ಲಿ ಕೆಲಸವಿದೆ ಎಂಬುದು ಅಷ್ಟಾಗಿ ಹೊಳೆಯುವುದಿಲ್ಲ. ಬಿಗಿಯಾದ ತಂತುವಿನಿಂದ ದನಿ ಹೊರಡಿಸಲು ರೋಗಿ ತಿಳಿಯದೆಯೇ ಕುತ್ತಿಗೆಯ ಸ್ನಾಯುಗಳನ್ನು ಹಿಂಡುತ್ತಾನೆ. ಊತ ಇಳಿದ ಮೇಲೂ ಆ ಅಭ್ಯಾಸ ಉಳಿದುಬಿಡುತ್ತದೆ. ಅದನ್ನು ಬಿಡಿಸುವುದು ವಾಕ್ ತಜ್ಞರ ಕೆಲಸ. ತುಟಿ ಮುಚ್ಚಿ ‘ಮ್’ ಎಂದು ಗುನುಗುವುದು, ಸ್ಟ್ರಾ ಕಚ್ಚಿಕೊಂಡು ದನಿ ಎಳೆಯುವುದು, ಉಸಿರನ್ನು ಮಾತಿನ ಜೊತೆ ಹೊಂದಿಸುವುದು ಇಂಥ ಸರಳ ಸಾಧನೆಗಳೇ ಅಲ್ಲಿ ಮುಖ್ಯ. ರೇಡಿಯೇಷನ್ ಬಳಿಕ ಇಂಥ ತರಬೇತಿ ಪಡೆದವರಿಗೆ ಮಾತುಕತೆ ಹೆಚ್ಚು ಸಲೀಸಾಯಿತೆಂದು ಸ್ವೀಡನ್ನಿನ ಗೋಥೆನ್‌ಬರ್ಗಿನ ಅಧ್ಯಯನಗಳು ಹೇಳಿವೆ. ಮನೆಯಲ್ಲಿ ಮಾಡಬೇಕಾದದ್ದು ಇಷ್ಟು: ಆಗಾಗ ನೀರು ಗುಟುಕರಿಸುವುದು, ಕ್ಯಾಕರಿಸದಿರುವುದು, ಕೂಗದಿರುವುದು. ಬಲವಂತದ ಪಿಸುಮಾತೂ ತಂತುಗಳಿಗೆ ವಿಶ್ರಾಂತಿ ಕೊಡುವುದಿಲ್ಲ.

ಕುತ್ತಿಗೆಗೆ ಕಿರಣ ಬಿದ್ದವರಲ್ಲಿ ಕೆಲವರಿಗೆ ಮುಂದೆ ಥೈರಾಯ್ಡ್ ಕುಗ್ಗುತ್ತದೆ, ಆಗಲೂ ದನಿ ಭಾರವಾಗುತ್ತದೆ. ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಕ್ಯಾನ್ಸರ್ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲೇ. ಆಗ ಶಸ್ತ್ರಕ್ರಿಯೆಯ ದಾರಿ ಇರುತ್ತದೆ. ಕೆಲವೊಮ್ಮೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಅಂಥವರು ಮತ್ತೆ ಮಾತಾಡಲೆಂದು ಬೆಂಗಳೂರಿನ ವೈದ್ಯ ಡಾ. ವಿಶಾಲ್ ರಾವ್ ರೂಪಿಸಿದ ‘ಓಂ’ ಎಂಬ ಸಾಧನ, ಸಾವಿರಾರು ರೂಪಾಯಿಯ ವಿದೇಶಿ ಸಾಧನಗಳ ಜಾಗದಲ್ಲಿ, ಸುಮಾರು 50 ರೂಪಾಯಿಯ ಬೆಲೆಯಿಂದಲೇ ಹೆಸರಾಯಿತು. ಆದರೆ ಬೇಗ ಗೊತ್ತಾದರೆ ಅಲ್ಲಿಯವರೆಗೆ ಹೋಗಬೇಕಾದವರು ಕಡಿಮೆ. ಆದ್ದರಿಂದ ರೇಡಿಯೇಷನ್ ಬಳಿಕ ಒಮ್ಮೆ ತಿಳಿಯಾದ ದನಿ ಮತ್ತೆ ಒಡೆದರೆ, ಅಥವಾ ಗಂಟಲಿನ ಊತ ಆರು ತಿಂಗಳಾದರೂ ಇಳಿಯದಿದ್ದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಇಎನ್‌ಟಿ ವೈದ್ಯರ ಬಳಿ ಹೋಗಿ ಗಂಟಲು ತೋರಿಸಿಕೊಳ್ಳಬೇಕು.